ನಿದ್ದೆ ಮಾತ್ರೆ, ನೋವಿನ ಮಾತ್ರೆಗಳ ಮೇಲಿನ ನಿಗಾ: ನಾನು ಅಭಿಪ್ರಾಯ ಬರೆದುಕೊಟ್ಟಿದ್ದು ಹೀಗೆ

ಮುಳಬಾಗಿಲಿನಲ್ಲಿ ನಮ್ಮದೊಂದು ಮೆಡಿಕಲ್ ಸ್ಟೋರ್ ಇದೆ. ಹೈವೇಯಲ್ಲಿ ನಂಗಲಿ ದಾಟಿದರೆ ಆಂಧ್ರ. ತಮಿಳುನಾಡೂ ಅಷ್ಟೇನು ದೂರವಿಲ್ಲ. ಹಾಗಾಗಿ ನನ್ನ ಕೌಂಟರಿಗೆ ಕೋಲಾರದ ಚೀಟಿ, ಕುಪ್ಪಂ ಚೀಟಿ, ವೆಲ್ಲೂರು ಚೀಟಿ, ಬೆಂಗಳೂರಿನ ನಿಮ್ಹಾನ್ಸ್ ಚೀಟಿ ಎಲ್ಲವೂ ಬರುತ್ತವೆ.

ಚಟ ಹಿಡಿಸಬಹುದಾದ ಮಾತ್ರೆಗಳನ್ನು ಡಾಕ್ಟರು ಬರೆಯುವುದು, ನಾವು ಮಾರುವುದು, ಇವೆರಡರ ಮೇಲೂ ನಿಗಾ ಹೇಗಿರಬೇಕು ಅಂತ ಜಿಲ್ಲೆಯಲ್ಲಿ ಒಮ್ಮೆ ಅಭಿಪ್ರಾಯ ಕೇಳಿದರು. ನಮ್ಮ ಅಂಗಡಿಯವರ ವಾಟ್ಸಾಪ್ ಗುಂಪಿಗೂ ಆ ನೋಟಿಸ್ ಬಂತು. ಎಲ್ಲರೂ ಒಂದೊಂದು ಹೆಬ್ಬೆರಳು ಒತ್ತಿ ಸುಮ್ಮನಾದರು. ನಾನು ಬರೆದೇ ಕೊಡೋಣ ಅಂತ ಕೂತೆ.

ಮೊದಲು ತೆಗೆದಿದ್ದು ನಮ್ಮ ಎಚ್1 ರಿಜಿಸ್ಟರ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಅನ್ನೋ ಪಟ್ಟಿ ಜಾರಿಯಲ್ಲಿದೆ. ಶುರುವಿನಲ್ಲಿ ಅದರಲ್ಲಿ 46 ಔಷಧಿಗಳಿದ್ದವು. ಅವನ್ನು ಮಾರಿದಾಗ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು ಅನ್ನೋದನ್ನು ಬೇರೆ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕವನ್ನು 3 ವರ್ಷ ಇಟ್ಟುಕೊಳ್ಳಬೇಕು.

ಈ ಪಟ್ಟಿಯಲ್ಲಿ ನಿದ್ದೆಗೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್, ನೋವಿಗೆ ಕೊಡುವ ಟ್ರಮಡಾಲ್, ನೋವಿಗೂ ಕೆಮ್ಮಿಗೂ ಕೊಡುವ ಕೊಡೀನ್ ಇವೆ. ಅದೇ ಪಟ್ಟಿಯಲ್ಲಿ ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್ ತರದ ಆಂಟಿಬಯಾಟಿಕ್ಕುಗಳೂ ಇವೆ, ಟಿಬಿ ಔಷಧಿಗಳೂ ಇವೆ. ಒಂದಷ್ಟು ತಿಂಗಳಿನ ಪುಟಗಳ ಮೇಲೆ ಕೆಂಪು ಪೆನ್ಸಿಲ್ ಹಿಡಿದು ಕೂತೆ. ಚಟದ ಭಯ ಇರುವ ಔಷಧಿಗೆ ಮಾತ್ರ ಗುರುತು ಹಾಕುತ್ತಾ ಹೋದೆ. ಜ್ವರ, ಗಂಟಲು ನೋವಿನ ಸೀಸನ್ ಬಂತು ಅಂದರೆ ಪುಟಗಟ್ಟಲೆ ಬರೀ ಸೆಫಿಕ್ಸಿಮ್. ಕೆಂಪು ಗುರುತೇ ಇಲ್ಲ. ಒಬ್ಬರೇ ಮೂರು ವಾರದಲ್ಲಿ ಎರಡು ಸಲ ನಿದ್ದೆ ಮಾತ್ರೆ ಒಯ್ದಿದ್ದು ಆ ಸಾಲುಗಳ ನಡುವೆ ಎಲ್ಲೋ ಇರುತ್ತದೆ. ತಪಾಸಣೆಗೆ ಬಂದವರು ಹತ್ತು ನಿಮಿಷದಲ್ಲಿ ಅದನ್ನು ಹೇಗೆ ಹಿಡಿಯುತ್ತಾರೆ ಹೇಳಿ? ಆಂಟಿಬಯಾಟಿಕ್ಕಿಗೆ ಒಂದು ಪುಸ್ತಕ, ಇವಕ್ಕೆ ಇನ್ನೊಂದು. ನನ್ನ ಮೊದಲ ಸಲಹೆ ಅದೇ.

ಎರಡನೆಯದು ಚೀಟಿಯ ಬಗ್ಗೆ. ನಾನು ಜಾಸ್ತಿ ಬರೆದಿದ್ದು ಇದನ್ನೇ. ನನ್ನ ರಿಜಿಸ್ಟರ್ ನನ್ನ ಅಂಗಡಿಯಲ್ಲಿರುತ್ತದೆ. ಎದುರಿನ ಅಂಗಡಿಯವರಿಗೆ ಅದು ಕಾಣಲ್ಲ. ಒಂದೇ ಚೀಟಿ ಹಿಡಿದು ಬಸ್ ಸ್ಟ್ಯಾಂಡಿನಿಂದ ಶುರು ಮಾಡಿ ಐದು ಅಂಗಡಿ ಸುತ್ತಿದರೆ ಐದು ಕಡೆಯೂ ಲೆಕ್ಕ ಸರಿಯಾಗೇ ಇರುತ್ತದೆ! ಎಲ್ಲಾ ಅಂಗಡಿಗೂ ಹೋಗೋದು ಚೀಟಿ ಒಂದೇ. ಗುರುತು ಅದರ ಮೇಲೇ ಬೀಳಬೇಕು.

ಇದು ಹೊಸ ಮಾತೇನಲ್ಲ. ಔಷಧಿ ಮಾರಾಟಕ್ಕೆ ಇರುವ 1945ರ ನಿಯಮಗಳಲ್ಲಿ 65ನೇ ನಿಯಮ ನೋಡಿ. ಔಷಧಿ ಕೊಟ್ಟಾಗ ಡಾಕ್ಟರ ಸಹಿಯ ಮೇಲುಗಡೆ ಅಂಗಡಿಯ ಹೆಸರು, ವಿಳಾಸ, ತಾರೀಕು ಬರೆಯಬೇಕು ಅಂತಲೇ ಇದೆ. ಮತ್ತೆ ಕೊಡಬಹುದು ಅಂತ ಡಾಕ್ಟರೇ ಬರೆದಿಲ್ಲದಿದ್ದರೆ ಅದೇ ಚೀಟಿಗೆ ಎರಡನೇ ಸಲ ಕೊಡುವ ಹಾಗಿಲ್ಲ. ಎಷ್ಟು ಅಂಗಡಿಗಳಲ್ಲಿ ಇದು ನಡೆಯುತ್ತಿದೆ ಅಂತ ನನ್ನನ್ನು ಕೇಳಬೇಡಿ. ನಾನು ಸೀಲು ಹಾಕುತ್ತೇನೆ, ತಾರೀಕು ಬರೆಯುತ್ತೇನೆ, ಪಕ್ಕದಲ್ಲಿ ಎಷ್ಟು ಮಾತ್ರೆ ಕೊಟ್ಟೆ ಅಂತಲೂ ಬರೆಯುತ್ತೇನೆ. ಆ ಸಂಖ್ಯೆ ಬರೆಯೋದು ನಾನೇ ಸೇರಿಸಿಕೊಂಡಿದ್ದು. ಅದನ್ನು ಕಡ್ಡಾಯ ಮಾಡಿ ಅಂತ ಕೇಳಿದೆ.

ಇದಕ್ಕೆ ದೊಡ್ಡ ಅಡ್ಡಿ ಯಾವುದು ಗೊತ್ತಾ? ಲ್ಯಾಮಿನೇಶನ್. ಚೀಟಿ ಹರಿದು ಹೋಗಬಾರದು ಅಂತ ಮಕ್ಕಳು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ತಾಯಿಯ ಕೈಗೆ ಕೊಟ್ಟಿರುತ್ತಾರೆ. ಅದರ ಮೇಲೆ ಸೀಲು ನಿಲ್ಲಲ್ಲ, ಪೆನ್ನು ಓಡಲ್ಲ. ಕೆಲವು ಚೀಟಿಗಳಲ್ಲಿ ಬರೆದ ಡಾಕ್ಟರು ಊರು ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ.

ಅಂಥವರನ್ನು ‘ಆಗಲ್ಲ ಹೋಗಮ್ಮ’ ಅಂತ ಕಳಿಸುವುದು ಸುಲಭ. ಆದರೆ ವರ್ಷಗಟ್ಟಲೆ ಆಲ್ಪ್ರಜೋಲಾಮ್ ತಗೊಂಡವರು ಒಂದೇ ಸಲ ನಿಲ್ಲಿಸಿದರೆ ಕೈ ನಡುಗುತ್ತದೆ, ನಿದ್ದೆ ಪೂರ್ತಿ ಹೋಗುತ್ತದೆ, ಫಿಟ್ಸ್ ಕೂಡ ಬರಬಹುದು. ಡಾಕ್ಟರ ನಿಗಾದಲ್ಲಿ ನಿಧಾನವಾಗಿ ಇಳಿಸಬೇಕು. ಅದಕ್ಕೆ ತಾಲ್ಲೂಕು ಆಸ್ಪತ್ರೆಗೆ ಮಾನಸಿಕ ತಜ್ಞರು ಬರುವ ದಿನ ಹೇಳಿ ಕಳಿಸುತ್ತೇನೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅಂತ ಬಿಲ್ಲಿನ ಹಿಂದೆ ಬರೆದುಕೊಡುತ್ತೇನೆ. ಮಾರಾಟ ಬಿಗಿ ಮಾಡುವಾಗ ಇಳಿಸುವ ವ್ಯವಸ್ಥೆಯನ್ನೂ ಜೊತೆಗೇ ಮಾಡಿ ಅಂತ ಅಭಿಪ್ರಾಯದಲ್ಲಿ ಸೇರಿಸಿದೆ.

ನೋಟಿಸ್ ಇಂಗ್ಲಿಷಿನಲ್ಲಿತ್ತು. ಮಾತ್ರೆ ನುಂಗುವವರನ್ನು ಯಾರೂ ಕೇಳಿರಲಿಲ್ಲ. ಆ ನೋಟಿಸನ್ನು ಅರ್ಧ ಪುಟ ಕನ್ನಡದಲ್ಲಿ ಬರೆದು ಕೌಂಟರಿನಲ್ಲಿ ಇಟ್ಟೆ. ತೆಲುಗಿನವರಿಗೆ ಬಾಯಲ್ಲೇ ಹೇಳಿದೆ. ಹೆಸರು ಹಾಕದೆ ಅವರ ಮಾತುಗಳನ್ನು ಬರೆದುಕೊಂಡು ಅರ್ಜಿಯ ಜೊತೆ ಲಗತ್ತಿಸಿದೆ.

ಒಬ್ಬರ ಮಗನಿಗೆ ಫಿಟ್ಸ್. ಕ್ಲೋಬಜಾಮ್ ನಿಲ್ಲಿಸುವ ಹಾಗಿಲ್ಲ. ‘ಸಾರ್, ವಾರಕ್ಕೊಂದು ಸಲ ಬಾ ಅಂದರೆ ಕೂಲಿ ಯಾರು ಕೊಡ್ತಾರೆ?’ ಅಂದರು. ಒಂದು ಸಲಕ್ಕೆ ಇಷ್ಟೇ ದಿನದ ಮಾತ್ರೆ ಅನ್ನೋ ಮಿತಿ ಎಲ್ಲಾ ಔಷಧಿಗೂ ಒಂದೇ ಬೇಡ ಅನ್ನೋ ಸಾಲು ಅವರಿಂದ ಬಂದಿದ್ದು.

ಇನ್ನೊಬ್ಬರ ಯಜಮಾನರಿಗೆ ಕ್ಯಾನ್ಸರ್. ಮಾರ್ಫಿನ್ ಮಾತ್ರೆಗೆ ಬೆಂಗಳೂರಿನ ಕಿದ್ವಾಯಿಗೆ ಹೋಗಿ ಬರುತ್ತಿದ್ದರು. ಹೋಗಲಿಕ್ಕೇ ಸುಮಾರು 100 ಕಿಲೋಮೀಟರ್. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದಿದ್ದೇ ಇಂಥವರಿಗೆ ನೋವಿನ ಔಷಧಿ ಸುಲಭವಾಗಿ ಸಿಗಲಿ ಅಂತ. ಮಾನ್ಯತೆ ಪಡೆದ ಆಸ್ಪತ್ರೆ ಹತ್ತು ಲೈಸೆನ್ಸಿಗೆ ಅಲೆಯದೆ ಮಾರ್ಫಿನ್ ಇಟ್ಟುಕೊಳ್ಳಬಹುದು. ಆದರೆ ಆ ಮಾನ್ಯತೆಗೆ ಅರ್ಜಿ ಹಾಕುವವರು ಬೇಕಲ್ಲ. 2018ರಲ್ಲಿ ಟ್ರಮಡಾಲ್ ಕೂಡ ಎನ್‌ಡಿಪಿಎಸ್ ಅಡಿ ಬಂತು. ಕೇಸು ಯಾರಿಗೆ ಬೇಕು ಅಂತ ನಮ್ಮ ಸಾಲಿನ ಕೆಲವು ಅಂಗಡಿಯವರು ಅದನ್ನು ತರಿಸೋದನ್ನೇ ಬಿಟ್ಟರು. ನನಗೆ ಸಿಟ್ಟು ಬರೋದು ಇಲ್ಲೇ. ಚಟದವನು ಹೇಗೋ ಬೇರೆ ದಾರಿ ಹುಡುಕಿಕೊಳ್ಳುತ್ತಾನೆ. ನೋವಿನಲ್ಲಿ ಮಲಗಿದವನು ಎಲ್ಲಿಗೆ ಹೋಗಬೇಕು?

ಈ ಅಭಿಪ್ರಾಯಗಳ ಬಗ್ಗೆ ಕೋಲಾರದಲ್ಲಿ ಸಭೆ ನಡೆಯಿತು. ಎಲ್ಲಾ ರಿಜಿಸ್ಟರೂ ಕಂಪ್ಯೂಟರಿಗೆ ಹೋಗಲಿ, ಬೇಕಾದ ಇಲಾಖೆಯವರು ನೋಡಲಿ ಅಂತ ಒಬ್ಬರು ಜೋರಾಗಿ ವಾದಿಸಿದರು. ನಾನು ಎದ್ದು ನಿಂತೆ. ನಮ್ಮದು ಸಣ್ಣ ಊರು. ಯಾರು ನಿದ್ದೆ ಮಾತ್ರೆ ತಗೋತಾರೆ ಅಂತ ಗೊತ್ತಾದರೆ ಮಗಳ ಸಂಬಂಧವೇ ತಪ್ಪಿಹೋಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟು ಕಾಪಾಡಬೇಕು ಅನ್ನುತ್ತದೆ. ಕಂಪ್ಯೂಟರ್ ಬರಲಿ, ಬೇಡ ಅನ್ನಲ್ಲ. ಒಳಗೆ ಹೋಗಿ ಯಾರು ನೋಡಿದರು, ಯಾವಾಗ ನೋಡಿದರು ಅನ್ನೋದೂ ಅದರಲ್ಲಿ ದಾಖಲಾಗಲಿ ಅಂದೆ. ಒಬ್ಬ ಡಾಕ್ಟರು ಇದಕ್ಕೆ ಜೊತೆಯಾದರು. ಅವರೇ, ಚೀಟಿಯಲ್ಲಿ ನೋಂದಣಿ ಸಂಖ್ಯೆ ಇಲ್ಲದ ಡಾಕ್ಟರನ್ನೂ ಕೇಳಿ, ಬರೀ ಅಂಗಡಿಯವರನ್ನಲ್ಲ ಅಂತಲೂ ಹೇಳಿದರು. ಹೊರರಾಜ್ಯದ ಚೀಟಿ ಬಂದಾಗ ನಾನು ಹುಡುಕುವುದು ಆ ಸಂಖ್ಯೆಯನ್ನೇ. ಅದೂ ಇಲ್ಲ, ಫೋನ್ ನಂಬರೂ ಇಲ್ಲ ಅಂದರೆ ಮಾತ್ರೆ ಕೊಡಲ್ಲ.

ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದೆ. ನಮ್ಮ ರಸ್ತೆಯ ಕೆಲವರು ಈಗ ಚೀಟಿ ಮೇಲೆ ತಾರೀಕು, ಮಾತ್ರೆಯ ಸಂಖ್ಯೆ ಬರೆಯುತ್ತಿದ್ದಾರೆ. ಒಬ್ಬರು ಮಾತ್ರ, ಗಿರಾಕಿ ಬೇಜಾರಾಗ್ತಾರೆ ಕಣಪ್ಪ, ನನ್ನ ಕೈಲಿ ಆಗಲ್ಲ ಅಂದರು. ಅವರ ಬಿಲ್ಲಿನ ಜೊತೆ ಸೀಲಿಲ್ಲದ ಚೀಟಿ ನನ್ನ ಹತ್ತಿರ ಬಂದರೆ ಅವರಿಗೇ ಫೋನ್ ಮಾಡಿ, ಎಷ್ಟು ಕೊಟ್ಟಿದ್ದೀರಾ ಅಂತ ಕೇಳಿ, ಆ ಸಂಖ್ಯೆಯನ್ನು ನಾನೇ ಬರೆಯುತ್ತೇನೆ.