ಅಣುಸ್ಥಾವರದ ಅಣಕು ಕಾರ್ಯಾಚರಣೆ ಮಾಡೋದು ಹೇಗೆ?

ನಮ್ಮಲ್ಲಿ ಅಣಕು ಕಾರ್ಯಾಚರಣೆ ಅಂದ್ರೆ ಹತ್ತಕ್ಕೆ ಸೈರನ್, ಹತ್ತೂಕಾಲಿಗೆ ಆಂಬುಲೆನ್ಸ್, ಹನ್ನೊಂದಕ್ಕೆ ಉಪ್ಪಿಟ್ಟು. ಒಂದು ತಪ್ಪೂ ಆಗಲಿಲ್ಲ ಅಂತ ಸಂಭ್ರಮ ಬೇರೆ. ತಪ್ಪೇ ಆಗದಿದ್ರೆ ಕಲಿತದ್ದೇನು?

ಶಿವಮೊಗ್ಗಕ್ಕೂ ಉತ್ತರ ಕನ್ನಡದ ಕೈಗಾ ಅಣುಸ್ಥಾವರಕ್ಕೂ ಏನು ಸಂಬಂಧ ಅಂತೀರಾ? ಸ್ಥಾವರದ ಸುತ್ತಲಿನ 16 ಕಿ.ಮೀ. ತುರ್ತು ಯೋಜನಾ ವಲಯದಲ್ಲಿ ನಾವಿಲ್ಲ, ನಿಜ. ಆದ್ರೆ ಅಲ್ಲಿಂದ ಹೊರಟವರು ಸಾಗರ, ಸೊರಬದ ನೆಂಟರ ಮನೆಗೇ ಬರೋದು ಅಲ್ವಾ?

ಮೊದಲು ಗುರಿ. ಮೂರು ಸಾಕು. ‘ಸನ್ನದ್ಧತೆ ಪರೀಕ್ಷಿಸುವುದು’ ಅಂತ ಬರೆದಿದ್ದರೆ ಹರಿದು ಹಾಕಿ. ಜಿಲ್ಲಾಧಿಕಾರಿ ಘೋಷಿಸಿದ ಮೇಲೆ ಕೊನೆಯ ಮನೆಗೆ ಸುದ್ದಿ ಮುಟ್ಟೋಕೆ ಎಷ್ಟು ಹೊತ್ತು? ಇದು ಗುರಿ. ಆಮೇಲೆ ಒಂದು ದಿನ ನಕ್ಷೆ ಹರಡಿ, ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡಿ ನೋಡಿ.

ಎಲ್ಲರೂ ಎಡವೋದು ಕಥೆ ಕಟ್ಟೋದರಲ್ಲಿ. ಅದನ್ನು ಇಬ್ಬರು ಮೂವರು ಗುಟ್ಟಾಗಿ ಬರೆಯಬೇಕು, ಆಮೇಲೆ ಚೀಟಿಗಳಾಗಿ ಒಡೆಯಬೇಕು. ಎಷ್ಟು ಗಂಟೆಗೆ, ಯಾರ ಕೈಗೆ, ಏನು ಸುದ್ದಿ. ಅವರು ಏನು ಮಾಡಬೇಕು ಅನ್ನೋದು ನಿಮ್ಮ ಪ್ರತಿಯಲ್ಲಿ ಮಾತ್ರ ಇರಲಿ. ಸುಮ್ನೆ ‘ವಿಕಿರಣ ಸೋರಿದೆ’ ಅಂತ ಕೊಟ್ಟರೆ ಎಲ್ಲರೂ ಇನ್ನೊಂದು ಚಹಾ ಹೇಳುತ್ತಾರೆ. ತೀರ್ಮಾನ ಮಾಡದೆ ವಿಧಿಯಿಲ್ಲ ಅನ್ನುವಂಥ ಚೀಟಿ ಬೇಕು. ಧರೆ ಕುಸಿದು ಘಟ್ಟದ ರಸ್ತೆ ಬಂದ್, ಬಸ್ಸು ಯಾವ ಕಡೆಯಿಂದ? ಡೇರಿಯವರ ಫೋನ್: ಸಂಜೆ ಹಾಲು ತಗೋಬಹುದಾ? (ಸೋರಿಕೆಯಲ್ಲಿ ಹೊರಬೀಳುವ ವಿಕಿರಣಶೀಲ ಅಯೋಡಿನ್-131 ಹುಲ್ಲಿನಿಂದ ಹಸುವಿಗೆ, ಅಲ್ಲಿಂದ ಹಾಲಿಗೆ ಬರುತ್ತದೆ. ಅದು ಅರ್ಧಕ್ಕಿಳಿಯೋಕೇ 8 ದಿನ ಬೇಕು.) ತೋಟದ ಒಂಟಿ ಮನೆಯ ಅಜ್ಜಿ ಕೊಟ್ಟಿಗೆಯ ದನ ಬಿಟ್ಟು ಬರಲ್ಲ ಅಂತಾರೆ. ಹೆಂಚಿನ ಸಂದಿಯಲ್ಲಿ ಗಾಳಿ ಆಡುವ ಮನೆಯಲ್ಲಿ ಬಾಗಿಲು ಹಾಕಿಕೊಂಡರೆ ಸಾಕಾ?

ಒಂದು ಚೀಟಿ ಗಾಳಿಯನ್ನು ತಿರುಗಿಸಲೇಬೇಕು. ಮಳೆಗಾಲದ ಪಡುವಣ ಗಾಳಿ ವಿಕಿರಣದ ಮೋಡವನ್ನು ಯಲ್ಲಾಪುರದ ದಿಕ್ಕಿಗೆ ತಳ್ಳುತ್ತದೆ, ಮಳೆ ಅದನ್ನು ನೆಲಕ್ಕಿಳಿಸುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಅಪಘಾತವಾದಾಗ ಪಕ್ಕದ ನಮಿಯೆ ಪಟ್ಟಣದವರು ವಾಯವ್ಯದ ತ್ಸುಶಿಮಾಕ್ಕೆ ಹೋದರು, ಮೋಡವೂ ಅತ್ತಲೇ ಹೋಯಿತು. ಗಾಳಿಯ ಲೆಕ್ಕ ಸರ್ಕಾರದ ಹತ್ತಿರ ಇತ್ತು, ಊರಿಗೆ ಮುಟ್ಟಲಿಲ್ಲ.

ದಿನ ಯಾವುದು? ಜುಲೈ, ಕೆಲಸದ ದಿನ. ರೆಡ್ ಅಲರ್ಟ್ ಇದ್ದರೆ ಮಾತ್ರ ಮುಂದೂಡಿ. ಜನವರಿಯ ಭಾನುವಾರ ಮಾಡುವವರಿಗೆ ದೊಡ್ಡ ನಮಸ್ಕಾರ.

ಹಿಂದಿನ ದಿನವೇ ಆಟೋಗೆ ಮೈಕ್ ಕಟ್ಟಿ ಊರಿಗೆಲ್ಲ ತಿಳಿಸಿ. ಪ್ರತಿ ಸಂದೇಶದ ಶುರುವಿಗೂ ಕೊನೆಗೂ ‘ಇದು ಅಣಕು’ ಅಂತಿರಲಿ. ವಾಟ್ಸ್ಆ್ಯಪ್ ಗುಂಪು ಬೇಡವೇ ಬೇಡ. ಆ ಸಾಲು ಕಿತ್ತುಹಾಕಿ ಫಾರ್ವರ್ಡ್ ಮಾಡುವ ಪುಣ್ಯಾತ್ಮ ಒಬ್ಬ ಇದ್ದೇ ಇರುತ್ತಾನೆ. ಪೊಲೀಸ್ ವೈರ್‌ಲೆಸ್ ಬಳಸಿ, ಹ್ಯಾಮ್ ರೇಡಿಯೊದವರನ್ನು (ಸ್ವಂತ ರೇಡಿಯೊದಲ್ಲಿ ಸಂದೇಶ ಕಳಿಸುವ ಹವ್ಯಾಸಿಗಳು) ಕರೆಯಿರಿ. ಕರೆಂಟು ಹೋಗಿ ಟವರ್ ಸತ್ತಾಗ ಉಳಿಯೋದು ಅವೇ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ವಿಕಿರಣ ಮಾಪಕಗಳಿಗೆ ದುಡ್ಡು ಹಾಕಬೇಡಿ, ಕ್ಯಾಲಿಬ್ರೇಷನ್ ಆಗದ, ಅಂದ್ರೆ ಅಳತೆ ಸರಿಯಿದೆಯಾ ಅಂತ ಪರೀಕ್ಷಿಸದ ಮೀಟರ್ ತೋರಿಸುವ ಅಂಕಿ ನಂಬಿ ಊರು ಖಾಲಿ ಮಾಡಿಸೋಕೆ ಆಗಲ್ಲ.

ಅಯೋಡಿನ್ ಮಾತ್ರೆಯ ಡಬ್ಬಿ ತೋರಿಸಿ ಮುಗಿಸಬೇಡಿ. ಪೆಪ್ಪರಮೆಂಟು ಕೊಟ್ಟು ಆಶಾ ಕಾರ್ಯಕರ್ತೆಯರಿಂದ ಮನೆಮನೆಗೆ ಹಂಚಿಸಿ, ಗಡಿಯಾರ ನೋಡಿ. ಆ ಮಾತ್ರೆ ಕಾಯೋದು ಥೈರಾಯ್ಡ್ ಒಂದನ್ನೇ, ಅದೂ ಹೇಳಿದ ಹೊತ್ತಿಗೆ ನುಂಗಿದರೆ. ಅದರ ಬದಲು ಅಯೋಡಿನ್ ಉಪ್ಪು ತಿಂದರೆ ಬಿ.ಪಿ. ಏರುತ್ತದೆ ಅಷ್ಟೆ.

ಅವತ್ತೇ ಸಂಜೆ ಎಲ್ಲರನ್ನೂ ಕೂರಿಸಿ. ಮೊದಲ ಮಾತು ಹೋಮ್‌ಗಾರ್ಡ್ ಹುಡುಗನದ್ದು, ಸಾಹೇಬರದ್ದು ಕೊನೆಗೆ. ತಲೆಕೆಳಗಾದರೆ ಯಾರೂ ಬಾಯಿ ಬಿಡಲ್ಲ. ತಪ್ಪಿನ ಪಟ್ಟಿ ಮಾಡಿ, ಯಾರು ಸರಿಮಾಡಬೇಕು, ಯಾವಾಗ ಅಂತ ಬರೆಯಿರಿ. ಸ್ಥಾವರದ ಹೊರಗಿನ ಕಾರ್ಯಾಚರಣೆ ನಡೆಯೋದು ಎರಡು ವರ್ಷಕ್ಕೊಮ್ಮೆ, ಅಷ್ಟರಲ್ಲಿ ತಹಶೀಲ್ದಾರರಿಗೆ ವರ್ಗವಾಗಿರುತ್ತದೆ. ಹಾಗಾಗಿ ಹೆಸರು ಬೇಡ, ಹುದ್ದೆ ಬರೆಯಿರಿ. ಒಂದು ಪ್ರತಿ ಪಂಚಾಯ್ತಿ ಆಫೀಸಿನಲ್ಲೂ ಇರಲಿ.