ಶಾಲೆ, ಅಪಾರ್ಟ್‌ಮೆಂಟ್‌ಗಳಲ್ಲಿ ಧ್ವಜಾರೋಹಣ: ಬಟ್ಟೆ, ಗಂಟು, 52 ಸೆಕೆಂಡು ಮತ್ತು ಹಾಡದೆ ನಿಂತವರು

ಧ್ವಜಾರೋಹಣದ ಕಾರ್ಯಕ್ರಮ ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಹಗ್ಗ ಎಷ್ಟು ಎಳೆದರೂ ಗಂಟು ಬಿಚ್ಚದೆ ಎಲ್ಲರೂ ಕತ್ತೆತ್ತಿ ನಿಂತುಬಿಡುವಾಗ. ಇನ್ನೊಂದು, ರಾಷ್ಟ್ರಗೀತೆಯ ಹೊತ್ತಿಗೆ ಕಣ್ಣು ಧ್ವಜ ಬಿಟ್ಟು ಅಕ್ಕಪಕ್ಕಕ್ಕೆ ಹೊರಳಿ, ಯಾರು ಬಾಯಿ ತೆರೆದರು, ಯಾರು ಕೂತೇ ಇದ್ದರು ಎಂಬ ಲೆಕ್ಕ ಶುರುವಾದಾಗ. ಮೊದಲನೆಯದಕ್ಕೆ ಹಿಂದಿನ ಸಂಜೆ ಅರ್ಧ ಗಂಟೆಯ ತಾಲೀಮು ಸಾಕು. ಎರಡನೆಯದಕ್ಕೆ ನಿಯಮ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಸಂಘಟಕರಿಗೆ ಗೊತ್ತಿರಬೇಕು. 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆಯ ಬಹುಪಾಲು ನಿಯಮಗಳು ಧ್ವಜ ಹಾರಿಸುವ ಕೈಗೆ ಹೇಳಿದ ಮಾತುಗಳು. ನೆರೆದವರ ದೇಶಪ್ರೇಮ ಅಳೆಯುವ ವಿಧಾನ ಅದರಲ್ಲಿ ಎಲ್ಲೂ ಇಲ್ಲ.

ಬಟ್ಟೆ ಮತ್ತು ಅಳತೆ

ಧ್ವಜದ ಉದ್ದ ಮತ್ತು ಅಗಲ 3:2 ಇರಬೇಕು. ಸಂಹಿತೆಯಲ್ಲಿ ಒಂಬತ್ತು ಅಳತೆಗಳಿವೆ. 6300×4200 ಮಿ.ಮೀ. ಎಲ್ಲಕ್ಕಿಂತ ದೊಡ್ಡದು, ಮೇಜಿನ ಮೇಲಿಡುವ 150×100 ಮಿ.ಮೀ. ಎಲ್ಲಕ್ಕಿಂತ ಚಿಕ್ಕದು. ಶಾಲೆ, ಅಪಾರ್ಟ್‌ಮೆಂಟ್‌ಗಳ ಕೆಲಸಕ್ಕೆ ಬರುವುದು ನಡುವಿನ ಮೂರು: 900×600, 1350×900, 1800×1200. ಕಂಬದ ಎತ್ತರದ ಕಾಲುಭಾಗದಷ್ಟು ಧ್ವಜದ ಉದ್ದ ಇದ್ದರೆ ನೋಡಲು ಸರಿಯಾಗಿರುತ್ತದೆ. 18-20 ಅಡಿಯ ಕಂಬಕ್ಕೆ 1350×900 ಹೊಂದುತ್ತದೆ. ಅದೇ ಕಂಬಕ್ಕೆ 1800×1200 ಕಟ್ಟಿದರೆ ಆಗಸ್ಟಿನ ಗಾಳಿಗೆ ಕಂಬವೇ ತೂಗಾಡುತ್ತದೆ.

ಅಂಗಡಿಯಲ್ಲೇ ಟೇಪು ಹಿಡಿದು ಅಳೆಯಿರಿ. 1350×900ರ ಧ್ವಜದಲ್ಲಿ ಚಕ್ರದ ವ್ಯಾಸ 280 ಮಿ.ಮೀ., 900×600ರಲ್ಲಿ 185 ಮಿ.ಮೀ. ಕಡ್ಡಿಗಳನ್ನು ಬೆರಳಿಟ್ಟು ಎಣಿಸಿ, 24 ಇರಬೇಕು. ಅಗ್ಗದ ಧ್ವಜಗಳಲ್ಲಿ ಮೂರು ದೋಷ ಪದೇ ಪದೇ ಕಾಣುತ್ತವೆ: ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಬಿಳಿ ಪಟ್ಟಿ ಉಳಿದೆರಡಕ್ಕಿಂತ ಅಗಲವಾಗಿರುತ್ತದೆ, ಹಿಂಬದಿಯ ಚಕ್ರ ಮುಂಬದಿಯದಕ್ಕೆ ಸರಿಯಾಗಿ ಕೂತಿರುವುದಿಲ್ಲ. ಮೂರನೆಯದನ್ನು ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ.

2021ರ ಡಿಸೆಂಬರ್ 30ರ ತಿದ್ದುಪಡಿಯ ನಂತರ ಹತ್ತಿ, ಉಣ್ಣೆ, ರೇಷ್ಮೆ, ಖಾದಿಯ ಜೊತೆ ಪಾಲಿಯೆಸ್ಟರ್‌ಗೂ, ಕೈಮಗ್ಗದ ಜೊತೆ ಯಂತ್ರದಲ್ಲಿ ನೇಯ್ದದ್ದಕ್ಕೂ ಅವಕಾಶವಿದೆ. ಪ್ಲಾಸ್ಟಿಕ್‌ಗೆ ಇಲ್ಲ. ಪಾಲಿಯೆಸ್ಟರ್ ಮಳೆಗೆ ಬೇಗ ಒಣಗುತ್ತದೆ, ಸಣ್ಣ ಗಾಳಿಗೂ ಹಾರುತ್ತದೆ, ನಿಜ. ಆದರೂ ಕರ್ನಾಟಕದಲ್ಲಿ ಇದ್ದುಕೊಂಡು ಖಾದಿ ಧ್ವಜ ಕೊಳ್ಳದಿರಲು ನಮಗೆ ಕಾರಣ ಕಾಣುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ಧ್ವಜ ತಯಾರಿಸುತ್ತದೆ. ಧಾರವಾಡ ಜಿಲ್ಲೆಯ ಗರಗದ ಖಾದಿಗೂ ಧ್ವಜಕ್ಕೂ ನಂಟು ಹಳೆಯದು. ಅಲ್ಲಿ ನೂಲುವವರು, ನೇಯುವವರು, ಹೊಲಿಯುವವರಲ್ಲಿ ಬಹಳಷ್ಟು ಮಂದಿ ಹೆಂಗಸರು. ನೀವು ಕೊಟ್ಟ ದುಡ್ಡು ಅವರ ಕೂಲಿಗೆ ಸೇರುತ್ತದೆ.

ಕಂಬ, ಹಗ್ಗ

ಎಲ್ಲಕ್ಕಿಂತ ಮೊದಲು ತಲೆಯೆತ್ತಿ ಕರೆಂಟ್ ತಂತಿ ನೋಡಿ. ಕಬ್ಬಿಣದ ಪೈಪು ಎತ್ತಿ ನಿಲ್ಲಿಸುವಾಗ ವಾಲಿ ತಂತಿಗೆ ತಾಗಿ ಜೀವ ಹೋದದ್ದುಂಟು. ಕಂಬ ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಲೇಬೇಕು. ಜಾಗವಿಲ್ಲದಿದ್ದರೆ ಮಹಡಿಯ ಕಟಕಟೆಗೆ ಚಿಕ್ಕ ಕಂಬ ಕಟ್ಟಿ, ಪರವಾಗಿಲ್ಲ. ಮಕ್ಕಳ ಕೈಯಲ್ಲಿ ಕಂಬ ಎತ್ತಿಸಬೇಡಿ.

ಹಗ್ಗದ ಉದ್ದ ಕಂಬದ ಎತ್ತರದ ಎರಡರಷ್ಟು, ಜೊತೆಗೆ ಐದು ಅಡಿ: 20 ಅಡಿಗೆ 45 ಅಡಿ. ರಾಟೆಗೆ ಎರಡು ಹನಿ ಎಣ್ಣೆ ಬಿಟ್ಟು, ಹಗ್ಗವನ್ನು ನಾಲ್ಕು ಸಲ ಮೇಲೆ ಕೆಳಗೆ ಎಳೆದು ನೋಡಿ. ಹತ್ತಿ ಹಗ್ಗ ಮಳೆಗೆ ಉಬ್ಬಿ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನೈಲಾನ್ ಹಗ್ಗ ಸಿಕ್ಕಿಕೊಳ್ಳುವುದಿಲ್ಲ, ಆದರೆ ಗಂಟು ತಾನಾಗಿ ಸಡಿಲವಾಗುತ್ತದೆ. ಯಾವುದೇ ಇರಲಿ, ತಾಲೀಮು ಮಾಡಿದ ಹಗ್ಗವೇ ಮರುದಿನವೂ ಇರಲಿ.

ಗಂಟು

ಆಗಸ್ಟ್ 15ರಂದು ಧ್ವಜವನ್ನು ಬುಡದಿಂದ ಮೇಲೇರಿಸುವುದು, ಜನವರಿ 26ರಂದು ತುದಿಯಲ್ಲಿ ಮೊದಲೇ ಕಟ್ಟಿಟ್ಟದ್ದನ್ನು ಅರಳಿಸುವುದು ವಾಡಿಕೆ. 1947ರಲ್ಲಿ ಧ್ವಜ ಹೊಸದಾಗಿ ಮೇಲೇರಿತು, 1950ರ ಹೊತ್ತಿಗೆ ಅದು ಮೇಲೆಯೇ ಇತ್ತು ಎಂಬುದು ಇದಕ್ಕೆ ಕೊಡುವ ವಿವರಣೆ. ಮಡಿಸಿ ಕಟ್ಟಿದ ಧ್ವಜವನ್ನು ಬಿಚ್ಚುವ ಕೆಲಸ ಬಂದಾಗಲೆಲ್ಲ ಗಂಟು ಒಂದೇ, ಎಳೆದರೆ ಜಾರಿ ಬಿಚ್ಚಿಕೊಳ್ಳುವ ಜೀರುಗುಣಿಕೆ.

ಧ್ವಜವನ್ನು ಶುಚಿಯಾದ ಮೇಜಿನ ಮೇಲೆ ಹರಡಿ, ನೆಲದ ಮೇಲೆ ಬೇಡ. ಕಂಬದ ಕಡೆಗೆ ಬರುವ ಬಿಳಿ ದಪ್ಪ ಪಟ್ಟಿಯೊಳಗೆ ಹಗ್ಗ ಹಾದಿರುತ್ತದೆ. ಅದರ ಒಂದು ತುದಿಯಲ್ಲಿ ಮರದ ಸಣ್ಣ ಗುಂಡು, ಅಂದರೆ ಟಾಗಲ್, ಇರುತ್ತದೆ. ಅದು ಕೇಸರಿಯ ತುದಿ, ಮೇಲಕ್ಕೆ ಹೋಗುವ ತುದಿ. ಬೆಳಗಿನ ಗಡಿಬಿಡಿಯಲ್ಲಿ ಧ್ವಜ ತಲೆಕೆಳಗಾಗುವುದು ಇದನ್ನು ನೋಡದೆ ಕಟ್ಟಿದಾಗ. ಗುಂಡು ಇಲ್ಲದ ಧ್ವಜವಾದರೆ ಕೇಸರಿಯ ಕಡೆಯ ಹಗ್ಗಕ್ಕೆ ಹಿಂದಿನ ದಿನವೇ ಒಂದು ದಾರ ಕಟ್ಟಿ ಗುರುತು ಮಾಡಿ.

ಈಗ ಧ್ವಜವನ್ನು ಉದ್ದಕ್ಕೆ ಎರಡು ಸಲ ಮಡಿಸಿ. ಎರಡನೆಯ ಮಡಿಕೆಯ ಒಳಗೆ ಹೂವಿನ ಎಸಳು ಹಾಕಿ. ವಿಶೇಷ ದಿನಗಳಲ್ಲಿ ಇದಕ್ಕೆ ಸಂಹಿತೆಯಲ್ಲೇ ಅವಕಾಶವಿದೆ. 1350×900ಕ್ಕೆ ಒಂದು ಹಿಡಿ ಸಾಕು. ಎಸಳು ಹೆಚ್ಚಾದರೆ ಗಂಟು ಭಾರಕ್ಕೆ ದಾರಿಯಲ್ಲೇ ಬಿಚ್ಚುತ್ತದೆ. ಒದ್ದೆ ಚೆಂಡುಹೂ ಬಿಳಿ ಪಟ್ಟಿಗೆ ಹಳದಿ ಕಲೆ ಹಚ್ಚುತ್ತದೆ, ಹಾಗಾಗಿ ನೀರು ಚಿಮುಕಿಸಿದ ಹೂ ಬೇಡ. ಗುಲಾಬಿ ಅಥವಾ ಸೇವಂತಿಗೆಯ ಎಸಳು ಬಿಡಿಸಿ, ಹತ್ತು ನಿಮಿಷ ಪೇಪರಿನ ಮೇಲೆ ಆರಿಸಿ.

ಹಾರುವ ತುದಿಯಿಂದ ಕಂಬದ ಕಡೆಯ ದಪ್ಪ ಪಟ್ಟಿಯತ್ತ ಸುರುಳಿ ಸುತ್ತಿ. ಕೆಳತುದಿಗೆ ಕಟ್ಟಿದ ಹಗ್ಗವನ್ನು ಸುರುಳಿಯ ನಡುವೆ ಎರಡು ಸುತ್ತು ಹಾಕಿ. ಆಮೇಲೆ ಹಗ್ಗದ ತುದಿಯನ್ನಲ್ಲ, ಹಗ್ಗವನ್ನು ಮಡಚಿದ ಒಂದು ಕುಣಿಕೆಯನ್ನು ಆ ಸುತ್ತುಗಳ ಅಡಿಗೆ ತೂರಿಸಿ. ಕುಣಿಕೆ ಬೆರಳುದ್ದ ಹೊರಗೆ ಕಾಣಬೇಕು. ಸುತ್ತಿನ ಕೆಳಗೆ ಒಂದು ಬೆರಳು ಹೋಗುವಷ್ಟು ಸಡಿಲ ಇರಲಿ. ಕೆಳಗಿನಿಂದ ಎಳೆದಾಗ ಕುಣಿಕೆ ಜಾರುತ್ತದೆ, ಸುತ್ತು ಕಳಚುತ್ತದೆ, ಧ್ವಜ ಅರಳುತ್ತದೆ. ನೈಲಾನ್ ಆದರೆ ಮೂರು ಸುತ್ತು, ನೆಂದ ಹತ್ತಿ ಹಗ್ಗವಾದರೆ ಒಂದೇ ಸುತ್ತು. ತಾಲೀಮಿಗೆ ಅದೇ ಅಳತೆಯ ಟವೆಲ್ ಬಳಸಿ, ಮೂರು ಸಲ ಸರಿಯಾಗಿ ಬಿಚ್ಚುವವರೆಗೆ ಬಿಡಬೇಡಿ.

ಏರಿಸಿದ ಮೇಲೆ ಏರಿಸುವ ಎಳೆಯನ್ನು ಕಂಬದ ಕೊಕ್ಕೆಗೆ ಭದ್ರವಾಗಿ ಸುತ್ತಿ, ಅತಿಥಿಯ ಕೈಗೆ ಬಿಚ್ಚುವ ಎಳೆಯನ್ನು ಮಾತ್ರ ಕೊಡಿ. ಎರಡೂ ಕೈಗೆ ಬಂದರೆ ಗಾಬರಿಯಲ್ಲಿ ತಪ್ಪು ಎಳೆ ಎಳೆಯುತ್ತಾರೆ. ಗಂಟು ಬಿಚ್ಚದಿದ್ದರೆ ಜಗ್ಗಬೇಡಿ, ಜಗ್ಗಿದಷ್ಟೂ ಬಿಗಿಯುತ್ತದೆ. ಹಗ್ಗ ಸಡಿಲ ಬಿಟ್ಟು ಎರಡು ಸಲ ಕುಲುಕಿ. ಆಗಲೂ ಆಗದಿದ್ದರೆ ಸಮಾಧಾನದಿಂದ ಇಳಿಸಿ, ಸಡಿಲಿಸಿ, ಮತ್ತೆ ಏರಿಸಿ. ಇದರಲ್ಲಿ ಅಪಮಾನ ಏನೂ ಇಲ್ಲ. ಧ್ವಜ ಅರಳುವ ಮುಂಚೆ ರಾಷ್ಟ್ರಗೀತೆ ಶುರು ಮಾಡದಂತೆ ಮೈಕ್ ಹಿಡಿದವರಿಗೆ ಮೊದಲೇ ಹೇಳಿರಿ.

ರಾಷ್ಟ್ರಗೀತೆ

ಪೂರ್ಣ ಪಾಠಕ್ಕೆ ಸುಮಾರು 52 ಸೆಕೆಂಡು. ಮೊದಲ ಮತ್ತು ಕೊನೆಯ ಸಾಲುಗಳ ಚಿಕ್ಕ ಪಾಠಕ್ಕೆ ಸುಮಾರು 20 ಸೆಕೆಂಡು, ಆದರೆ ಧ್ವಜಾರೋಹಣಕ್ಕೆ ಪೂರ್ಣ ಪಾಠವೇ ಸರಿ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟು ಹಾಡಿ ನೋಡಿ. ಒಂದು ನಿಮಿಷ ದಾಟಿದರೆ ಎಲ್ಲೋ ಎಳೆಯುತ್ತಿದ್ದೀರಿ ಎಂದರ್ಥ, ಸಾಮಾನ್ಯವಾಗಿ ರಾಜ್ಯಗಳ ಹೆಸರು ಬರುವ ಸಾಲುಗಳಲ್ಲಿ.

ಶ್ರುತಿ ತಪ್ಪುವುದು ಶುರುವಿನಲ್ಲಿ, ಗೊತ್ತಾಗುವುದು ಕೊನೆಯಲ್ಲಿ. ಉತ್ಸಾಹದಿಂದ ಎತ್ತರದಲ್ಲಿ ಹಿಡಿದವರು ಮೂರು ಸಲದ 'ಜಯ ಹೇ' ಹೊತ್ತಿಗೆ ದನಿ ಸಾಲದೆ ಕಿರುಚುತ್ತಾರೆ. ತಾಲೀಮಿನಲ್ಲಿ ಮೊದಲು 'ಜಯ ಹೇ' ಹಾಡಿಸಿ, ಅದು ಆರಾಮಾಗಿ ಬರುವ ಶ್ರುತಿಯನ್ನು ಗುರುತಿಟ್ಟುಕೊಂಡು ಅಲ್ಲಿಂದ ಆರಂಭಿಸಿ. ಮಕ್ಕಳು ಎಡವುವ ಪದಗಳು ಮೂರ್ನಾಲ್ಕು: 'ಉಚ್ಛಲ ಜಲಧಿ ತರಂಗ' ನುಂಗಿಹೋಗುತ್ತದೆ, 'ಗಾಥಾ' ಎಂಬುದು 'ಗಾದಾ' ಆಗುತ್ತದೆ, ಕೊನೆಗೆ ಬರುವ 'ಮಂಗಲದಾಯಕ'ದ ಜಾಗದಲ್ಲಿ ಮತ್ತೆ 'ಮನ ಅಧಿನಾಯಕ' ನುಸುಳುತ್ತದೆ. ಅರ್ಥ ಹೇಳಿಕೊಟ್ಟರೆ ಈ ತಪ್ಪುಗಳು ತಾವಾಗಿ ಕಡಿಮೆಯಾಗುತ್ತವೆ.

ಶಾಲೆಗಳಿಗೆ ಸಂಹಿತೆ ಒಂದು ಕ್ರಮ ಹೇಳಿದೆ: ಮಕ್ಕಳು ಮೂರು ಬದಿಯಲ್ಲಿ, ನಾಲ್ಕನೆಯ ಬದಿಯ ನಡುವೆ ಧ್ವಜಸ್ತಂಭ, ಅದರ ಮೂರು ಹೆಜ್ಜೆ ಹಿಂದೆ ಮುಖ್ಯೋಪಾಧ್ಯಾಯರು. ಸಾಲುಗಳ ನಡುವೆ ಕನಿಷ್ಠ ಒಂದು ಹೆಜ್ಜೆ, ಅಂದರೆ 30 ಅಂಗುಲ. ಧ್ವಜ ಅರಳಿದ ಮೇಲೆ ವಂದನೆ, ವಂದನೆಯ ಬೆನ್ನಿಗೇ ರಾಷ್ಟ್ರಗೀತೆ. ನಾಡಗೀತೆ ಅದಾದ ಮೇಲೆ ಇಟ್ಟುಕೊಳ್ಳಿ. 2022ರಲ್ಲಿ ಸರ್ಕಾರ ಒಪ್ಪಿದ ಮೈಸೂರು ಅನಂತಸ್ವಾಮಿ ಅವರ ಧಾಟಿಗೆ ಎರಡೂವರೆ ನಿಮಿಷ ಬೇಕು. ಭಾಷಣಗಳು ಅದರ ನಂತರ, ಮಕ್ಕಳನ್ನು ಕೂರಿಸಿ. ಬಿಸಿಲಿಗೆ ತಲೆಸುತ್ತಿ ಬೀಳುವವರು ಬೆಳಿಗ್ಗೆ ತಿಂಡಿ ತಿನ್ನದೆ ಬಂದ ಮಕ್ಕಳೇ.

ಹಾಡದೆ ನಿಂತವರು, ಎದ್ದು ನಿಲ್ಲದವರು

ರಾಷ್ಟ್ರಗೀತೆಯ ಹೊತ್ತಿಗೆ ಎದ್ದು ನಿಲ್ಲಬೇಕು ಎಂಬುದು ಕೇಂದ್ರದ ಸೂಚನೆ. ಧ್ವಜವನ್ನೂ ರಾಷ್ಟ್ರಗೀತೆಯನ್ನೂ ಗೌರವಿಸುವುದು ಸಂವಿಧಾನದ 51ಎ ವಿಧಿ ಹೇಳುವ ಮೂಲಭೂತ ಕರ್ತವ್ಯ. ಆದರೆ ಗೌರವ ಎಂದರೆ ಹಾಡಲೇಬೇಕೆ? ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಬಂದಿದೆ, ಸಂಘಟಕರು ತಿಳಿದಿರಲೇಬೇಕಾದ ಪ್ರಕರಣ ಇದು.

ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮೂವರು ಒಡಹುಟ್ಟಿದವರು ಓದುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆ ಬಂದಾಗ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರನ್ನು ಬಿಟ್ಟು ಬೇರೆ ಯಾವುದಕ್ಕೂ ಸ್ತುತಿ ಹಾಡಬಾರದೆಂಬುದು ಅವರ ನಂಬಿಕೆ. ವರ್ಷಗಳ ಕಾಲ ಯಾರಿಗೂ ಅದು ತೊಂದರೆ ಅನಿಸಿರಲಿಲ್ಲ. 1985ರ ಜುಲೈನಲ್ಲಿ ಶಾಸಕರೊಬ್ಬರು ಗಮನಿಸಿ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿದರು. ವಿಚಾರಣೆಗೆ ನೇಮಿಸಿದ ಆಯೋಗ, ಮಕ್ಕಳು ಯಾವ ಅಗೌರವವನ್ನೂ ತೋರಿಸಿಲ್ಲ ಎಂದೇ ವರದಿ ಕೊಟ್ಟಿತು. ಆದರೂ ಮೇಲಧಿಕಾರಿಗಳ ಸೂಚನೆಯಂತೆ ಮೂವರನ್ನೂ ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ ಬಿಜೋ ಇಮ್ಯಾನುಯೆಲ್ ಪ್ರಕರಣದ ತೀರ್ಪಿನಲ್ಲಿ, ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಮರ್ಯಾದೆಯಿಂದ ಎದ್ದು ನಿಂತರೆ ಗೌರವ ಸಂದಂತೆಯೇ ಎಂದು ಹೇಳಿ, ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಲು ಆದೇಶಿಸಿತು.

ಹಾಗಾದರೆ ಅಪರಾಧ ಯಾವುದು? 1971ರ ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ, ರಾಷ್ಟ್ರಗೀತೆ ಹಾಡುವುದನ್ನು ಬೇಕೆಂದೇ ತಡೆಯುವುದು, ಹಾಡುತ್ತಿರುವ ಸಭೆಗೆ ಗಲಾಟೆ ಮಾಡಿ ಅಡ್ಡಿಪಡಿಸುವುದು. ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಹೀಗೆ ನೋಡಿದರೆ, ಪಕ್ಕದವರು ಹಾಡಲಿಲ್ಲವೆಂದು ಹಾಡಿನ ನಡುವೆ ಕೂಗಾಡುವವರೇ ಸಭೆಗೆ ಅಡ್ಡಿಪಡಿಸಿದಂತಾಗುತ್ತದೆ. ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಮಾಡಿದ್ದ 2016ರ ನವೆಂಬರ್ 30ರ ಆದೇಶವನ್ನೂ ಸುಪ್ರೀಂ ಕೋರ್ಟ್ 2018ರ ಜನವರಿ 9ರಂದು ಬದಲಿಸಿ, ಹಾಕುವುದು ಬಿಡುವುದು ಅವರವರ ಇಷ್ಟಕ್ಕೆ ಬಿಟ್ಟಿತು. ಆ ಕಡ್ಡಾಯ ಇದ್ದ ಕಾಲದಲ್ಲೂ ಅಂಗವಿಕಲರಿಗೆ ವಿನಾಯಿತಿ ಇತ್ತು.

ಎದ್ದು ನಿಂತವರಲ್ಲಿ ಅಭಿಮಾನದಿಂದ ನಿಂತವರಿರುತ್ತಾರೆ, ರೂಢಿಯಿಂದ ನಿಂತವರಿರುತ್ತಾರೆ, ಹೆದರಿ ನಿಂತವರೂ ಇರುತ್ತಾರೆ. ಹೊರಗಿನಿಂದ ನೋಡಿದರೆ ಮೂವರೂ ಒಂದೇ. ಎದ್ದು ನಿಲ್ಲುವುದನ್ನು ದೇಶಪ್ರೇಮದ ಅಳತೆಗೋಲೆಂದು ನೆಚ್ಚಿ ಹಿಡಿದರೆ ಅದು ತಪ್ಪು ಲೆಕ್ಕವನ್ನೇ ಕೊಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅಭಿಮಾನದಿಂದ ನಿಂತವರ ನಿಲುವಿಗೂ ಬೆಲೆ ಇಲ್ಲದಂತೆ ಮಾಡುತ್ತದೆ.

ಕಾರ್ಯಕ್ರಮದಲ್ಲಿ ಹೀಗೆ ಮಾಡಿ. ಮೈಕಿನಲ್ಲಿ "ಎಲ್ಲರೂ ಕಡ್ಡಾಯವಾಗಿ" ಎನ್ನುವ ಬದಲು "ಸಾಧ್ಯವಿರುವವರೆಲ್ಲ ಎದ್ದು ನಿಲ್ಲೋಣ" ಎನ್ನಿ. ಮಂಡಿನೋವಿನ ಅಜ್ಜ ಅಜ್ಜಿಯರಿಗೆ, ಬಸುರಿ ಬಾಣಂತಿಯರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿ. ಹಿಂದೆ ಕೂರಿಸಿದರೆ ಯಾಕೆ ಎದ್ದಿಲ್ಲ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಹಾಡುವ ಹೊತ್ತಿನಲ್ಲಿ ಕ್ಯಾಮೆರಾ ಧ್ವಜದ ಕಡೆಗಿರಲಿ, ನೆರೆದವರ ಮುಖದ ಕಡೆಗೆ ಬೇಡ. ಯಾರು ಬಂದರು, ಯಾರು ಬರಲಿಲ್ಲ ಎಂಬ ಪಟ್ಟಿಯನ್ನು ನಿವಾಸಿಗಳ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ಯಾರಾದರೂ ನಿಜಕ್ಕೂ ಗಲಾಟೆ ಮಾಡಿದರೆ, ಹಾಡು ಮುಗಿಯುವವರೆಗೆ ನಿಂತಲ್ಲೇ ನಿಂತು, ಆಮೇಲೆ ಪಕ್ಕಕ್ಕೆ ಕರೆದು ಮಾತಾಡಿ.

ಇಳಿಸುವುದು, ಮಡಿಸುವುದು

2022ರ ಜುಲೈ ತಿದ್ದುಪಡಿಯ ನಂತರ ಬಯಲಿನಲ್ಲೂ ಮನೆಯ ಮೇಲೂ ಧ್ವಜ ಹಗಲು ರಾತ್ರಿ ಹಾರಬಹುದು. ಮಳೆಗಾಲದಲ್ಲಿ ಸಂಜೆಗೆ ಇಳಿಸುವುದೇ ಒಳ್ಳೆಯದು. ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಇಳಿಸುವಾಗ ಇಬ್ಬರಿರಬೇಕು, ಒಬ್ಬರು ಹಗ್ಗ ಬಿಡುತ್ತ ಬರಲು, ಒಬ್ಬರು ನೆಲಕ್ಕೆ ತಾಗುವ ಮುಂಚೆ ಕೈಚಾಚಿ ಹಿಡಿಯಲು. ನೆಂದಿದ್ದರೆ ನೆರಳಿನಲ್ಲಿ ಒಣಗಿಸಿ, ಹಸಿಯಾಗಿ ಮಡಿಸಿಟ್ಟ ಖಾದಿಗೆ ನಾಲ್ಕೇ ದಿನದಲ್ಲಿ ಕಪ್ಪು ಚುಕ್ಕೆ ಬರುತ್ತದೆ.

ಮಡಿಸಲು ಇಬ್ಬರು ಎದುರುಬದುರು ಹಿಡಿದು, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಿಸಿ. ಆಮೇಲೆ ಎರಡೂ ತುದಿಗಳನ್ನು ನಡುವಿನ ಕಡೆಗೆ ಮಡಿಸುತ್ತ ಬಂದರೆ ಕೊನೆಗೆ ಚಕ್ರ ಮೇಲೆ ಬರುತ್ತದೆ. ಹರಿದ, ಬಣ್ಣ ಮಾಸಿದ ಧ್ವಜವನ್ನು ಹಾರಿಸಬಾರದು. ಅದನ್ನು ಇಡಿಯಾಗಿ, ಖಾಸಗಿಯಾಗಿ, ಮರ್ಯಾದೆಯಿಂದ ಸುಡುವುದು ಸಂಹಿತೆ ಸೂಚಿಸುವ ದಾರಿ.

ಮಕ್ಕಳಿಗೆ ಕೊಟ್ಟ ಕಾಗದದ ಧ್ವಜಗಳು ಮಧ್ಯಾಹ್ನದ ಹೊತ್ತಿಗೆ ಚರಂಡಿ ಪಕ್ಕದಲ್ಲಿ ಬಿದ್ದಿರುತ್ತವೆ. ಗೇಟಿನ ಬಳಿ ಒಂದು ಬುಟ್ಟಿ ಇಟ್ಟು, ಹೋಗುವಾಗ ಅದರಲ್ಲಿ ಹಾಕಲು ಹೇಳಿ. ಸಂಜೆ ಇಬ್ಬರು ಆವರಣ ಸುತ್ತಿ ಉಳಿದವನ್ನು ಆರಿಸಲಿ. ಕೊನೆಯದಾಗಿ, ಬರಿದಾದ ಹಗ್ಗದ ಎರಡು ತುದಿಗಳನ್ನು ಸೇರಿಸಿ ಕಟ್ಟಿ ಕೊಕ್ಕೆಗೆ ಸುತ್ತಿಡಿ. ಬಿಟ್ಟರೆ ಒಂದು ತುದಿ ಗಾಳಿಗೆ ಮೇಲೆ ಸರಿದು ರಾಟೆಯಿಂದ ಕಳಚುತ್ತದೆ, ಜನವರಿಗೆ ಕಂಬವನ್ನೇ ಇಳಿಸಬೇಕಾಗುತ್ತದೆ.