ಬಿಯರ್ಡೆಡ್ ಡ್ರಾಗನ್‌ಗೆ ಮೊಟ್ಟೆಪೆಟ್ಟಿಗೆ: ಮಣ್ಣಿನ ಹದವೇ ಮುಖ್ಯ

ಬಿಯರ್ಡೆಡ್ ಡ್ರಾಗನ್ ಎಂದರೆ ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ. ಗಂಡಿನ ಜೊತೆ ಸೇರದಿದ್ದರೂ ಇದರ ಹೆಣ್ಣು ಮೊಟ್ಟೆ ಕಟ್ಟಬಹುದು. ಹಾಗಾಗಿ ಒಂಟಿ ಹೆಣ್ಣನ್ನು ಸಾಕುವವರಿಗೂ ಅದು ಬಿಲ ತೋಡಿ ಮೊಟ್ಟೆಯಿಡಲು ಮಣ್ಣು ತುಂಬಿದ ಈ ಪೆಟ್ಟಿಗೆ ಬೇಕು. ಹೊಟ್ಟೆಯಲ್ಲಿ ಗೋಲಿಯಂಥ ಉಬ್ಬು ಕಂಡ ದಿನವೇ ನಾನು ಇದನ್ನು ಸಿದ್ಧಮಾಡುತ್ತೇನೆ. ಮೇವು ಬಿಟ್ಟು ಮೂಲೆ ಕೆರೆಯುವವರೆಗೆ ಕಾಯುವುದಿಲ್ಲ.

60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ, ಒಳಗಿನದು ಹೊರಗೆ ಕಾಣದ ಪ್ಲಾಸ್ಟಿಕ್ ಡಬ್ಬ ಸಾಕು. ಅದರಲ್ಲಿ 25 ಸೆಂ.ಮೀ. ಆಳಕ್ಕೆ ಮಣ್ಣು ತುಂಬಬೇಕು. ಅಂದರೆ 30 ಲೀಟರ್ ತೊಳೆದ ಮರಳು, 30 ಲೀಟರ್ ಗೊಬ್ಬರ ಬೆರೆಸದ ಮೇಲ್ಮಣ್ಣು. ಒದ್ದೆಯಾದ ಮೇಲೆ ಇದು ವಿಪರೀತ ಭಾರ, ಡಬ್ಬವನ್ನು ಮೊದಲೇ ಜಾಗದಲ್ಲಿಟ್ಟು ಆಮೇಲೆ ತುಂಬಿ.

ಎಲ್ಲವೂ ನಿಂತಿರುವುದು ಹದದ ಮೇಲೆ. ಸ್ವಲ್ಪಸ್ವಲ್ಪವೇ ನೀರು ಚಿಮುಕಿಸಿ ಕಲಸಿ, ಒಂದು ಹಿಡಿ ಮುಷ್ಟಿಯಲ್ಲಿ ಒತ್ತಿ ನೋಡಿ. ಉಂಡೆ ಒಡೆಯಬಾರದು, ಬೆರಳ ಸಂದಿಯಲ್ಲಿ ನೀರು ಇಳಿಯಲೂಬಾರದು. ಐದೈದು ಸೆಂ.ಮೀ. ಪದರವಾಗಿ ಹಾಕಿ ಅಂಗೈಯಿಂದ ಒತ್ತಿ. ಕೊನೆಗೆ ಬೆರಳಿಂದ ಓರೆಯಾಗಿ ತೂತು ಮಾಡಿ, ಅದು ಕುಸಿಯದೆ ನಿಂತರೆ ಸರಿ. ಮಣ್ಣು ಒಣಗಿದ್ದರೆ ಹಲ್ಲಿ ತೋಡಿದ ಬಿಲ ತಲೆಯ ಮೇಲೇ ಕುಸಿಯುತ್ತದೆ. ನಾಲ್ಕು ಕಡೆ ತೋಡಿ, ಸೋತು, ಮೊಟ್ಟೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ತೀರಾ ಒದ್ದೆಯಾದರೆ ತಳದಲ್ಲಿ ನೀರು ನಿಂತು ಮಣ್ಣು ತಣ್ಣಗಾಗುತ್ತದೆ. ಬರೀ ತೆಂಗಿನ ನಾರಿನ ಪುಡಿ ಬೇಡ, ಅದರಲ್ಲಿ ಸುರಂಗ ನಿಲ್ಲುವುದಿಲ್ಲ.

ಒಂದು ಮೂಲೆಯಲ್ಲಿ 10 ಸೆಂ.ಮೀ. ಆಳದ ಓರೆ ಬಿಲವನ್ನು ನಾನೇ ತೋಡಿಕೊಡುತ್ತೇನೆ. ಹೆಚ್ಚಿನ ಹೆಣ್ಣುಗಳು ಅದನ್ನೇ ಮುಂದುವರಿಸುತ್ತವೆ. ಬಿಸಿಗೆ ಮೇಲಿಂದ ದೀಪ, 15 ಸೆಂ.ಮೀ. ಆಳದಲ್ಲಿ ಥರ್ಮಾಮೀಟರ್ 26ರಿಂದ 28 ಡಿಗ್ರಿ ತೋರಿಸಬೇಕು. ತಳದಲ್ಲಿ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಹಾಸು) ಇಡಲೇಬೇಡಿ. ಹಲ್ಲಿ ಕೆಳಕ್ಕೆ ತೋಡಿದಷ್ಟೂ ಬಿಸಿಗೆ ಹತ್ತಿರವಾಗುತ್ತದೆ, ಮಣ್ಣೂ ಅಡಿಯಿಂದ ಒಣಗುತ್ತದೆ.

ಸುತ್ತ ಬಟ್ಟೆ ಇಳಿಬಿಟ್ಟು ದೂರವಿರಿ. ಯಾರೋ ನೋಡುತ್ತಿದ್ದಾರೆ ಎನಿಸಿದರೆ ತೋಡುವುದು ನಿಂತುಬಿಡುತ್ತದೆ. ಒಂದೆರಡು ದಿನ ಅಲ್ಲಿ ಇಲ್ಲಿ ಕೆದಕಿ ಬಿಡುವುದು ಸಹಜ. ಆದರೆ ತೋಡುವುದನ್ನೇ ಬಿಟ್ಟು, ಹೊಟ್ಟೆಯ ಉಬ್ಬು ಹಾಗೇ ಇದ್ದು, ಸುಸ್ತಾಗಿ ಮಲಗಿದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಹೊಟ್ಟೆ ಒತ್ತದೆ ಅಂದೇ ಸರೀಸೃಪ ಬಲ್ಲ ಪಶುವೈದ್ಯರಲ್ಲಿಗೆ ಒಯ್ಯಿರಿ. ಕ್ಯಾಲ್ಸಿಯಂ ಕಡಿಮೆಯಾದರೆ ಮೊಟ್ಟೆ ತಳ್ಳುವ ಸ್ನಾಯುಗಳಿಗೆ ಬಲವಿರುವುದಿಲ್ಲ. ಕ್ಯಾಲ್ಸಿಯಂ ಮೈಗೆ ಹತ್ತಲು ನೆರವಾಗುವ ಯುವಿಬಿ (ಅತಿನೇರಳೆ ಕಿರಣದ) ದೀಪ, ಕ್ಯಾಲ್ಸಿಯಂ ಪುಡಿ ಇವು ವರ್ಷಪೂರ್ತಿ ಬೇಕು.

ಮೊಟ್ಟೆ ಇಟ್ಟಾದ ಮೇಲೆ ಹಲ್ಲಿ ತಾನೇ ಬಿಲ ಮುಚ್ಚಿ ಮೂತಿಯಿಂದ ತಟ್ಟುವ ತನಕ ಅದನ್ನು ಎತ್ತಬೇಡಿ, ಆ ಕೆಲಸ ಅದಕ್ಕೆ ಬಿಡಿ. ಆಮೇಲೆ ಉಗುರುಬೆಚ್ಚಗಿನ ನೀರಿನ ಸ್ನಾನ, ಕುಡಿಯಲು ನೀರು, ಹೊಟ್ಟೆ ತುಂಬ ಮೇವು. ಮರಿ ಮಾಡಿಸುವುದಾದರೆ ಮೊಟ್ಟೆಗಳ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಹೊರಳಿಸದೆ ಎತ್ತಿ. ಹೊರಳಿದರೆ ಒಳಗೆ ಅಂಟಿಕೊಂಡ ಭ್ರೂಣ ಸಾಯಬಹುದು.

ಪೆಟ್ಟಿಗೆಯನ್ನು ಎತ್ತಿಡಬೇಡಿ. ಒಮ್ಮೆ ಗಂಡಿನ ಜೊತೆ ಸೇರಿದ ಹೆಣ್ಣು ಕೆಲವು ವಾರಗಳಲ್ಲೇ ಮತ್ತೆ ಮೊಟ್ಟೆಯಿಡುವುದುಂಟು.